ಗದ್ದ ಮುಟ್ಟುವಷ್ಟು ಸಮುದ್ರ

ಮಾತು ಕೊಡುವುದು ಸುಲಭ. ಗಟ್ಟಿ ನೆಲದ ಮೇಲೆ ಕೂತು ನೀರಿನ ವಿಷಯದಲ್ಲಿ ಮಾತು ಕೊಡುವುದಂತೂ ಇನ್ನೂ ಸುಲಭ. ಜಾರ್ಜಿಯಾದ ಮೇಕನ್ ಊರಿನ ಹೋರೇಸ್ ಗ್ಯಾಡ್ಸನ್ ಅಂಥದೊಂದು ಮಾತನ್ನು ಕ್ರಿಸ್‌ಮಸ್ ದಿನ ಮಧ್ಯಾಹ್ನ ಹೊಟ್ಟೆ ತುಂಬ ಉಂಡ ಸುಖದಲ್ಲಿ ಕೊಟ್ಟುಬಿಟ್ಟಿದ್ದರು. ಕೇಳಿದವಳು ಒಂಬತ್ತು ವರ್ಷದ ಮೊಮ್ಮಗಳು ಜೊನೆಲ್. ಫೆಬ್ರವರಿಯ ಶಾಲಾ ರಜೆಯಲ್ಲಿ ಮನೆಮಂದಿಯೆಲ್ಲ ಹಡಗು ಹತ್ತಿ ಒಂದು ವಾರ ಕೆರಿಬಿಯನ್ ಸಮುದ್ರ ಸುತ್ತುವುದು ಆಗಲೇ ನಿಶ್ಚಯವಾಗಿತ್ತು. ಅಲ್ಲಿ ತಾತ ಅವಳ ಕೈ ಹಿಡಿದುಕೊಂಡು ಸಮುದ್ರಕ್ಕೆ ಇಳಿಯಬೇಕು. ಮೊಣಕಾಲಿನವರೆಗೆ ಎಂದರು ಹೋರೇಸ್. ಆಗುವುದಿಲ್ಲ ಎಂದಳು. ಸೊಂಟದವರೆಗೆ ಎಂದರು. ಅದೂ ಆಗುವುದಿಲ್ಲ. ಕೊನೆಗೆ ಗದ್ದಕ್ಕೆ ಬಂದು ವ್ಯಾಪಾರ ಕುದುರಿತು. ಚೌಕಾಸಿಯಲ್ಲಿ ಜೊನೆಲ್ ತನ್ನ ಅಜ್ಜಿಯನ್ನೇ ಹೋಲುತ್ತಿದ್ದಳು.

ಹೋರೇಸರಿಗೆ ಎಪ್ಪತ್ತೆರಡು. ಮೂವತ್ತನಾಲ್ಕು ವರ್ಷ ಶಾಲೆಯ ಬಸ್ಸು ಓಡಿಸಿದವರು, ಒಂದು ಬೆಳಗ್ಗೆಯೂ ತಡವಾದವರಲ್ಲ. ತಮ್ಮ ಚರ್ಚಿನಲ್ಲಿ ಹಿರಿಯರ ಸಾಲಿನಲ್ಲಿ ಕೂರುವವರು. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು, ಕೊಟ್ಟ ಮಾತು ದೇವರ ಎದುರು ಹಚ್ಚಿಟ್ಟ ದೀಪ, ಅದನ್ನು ಆರಗೊಡಬಾರದು ಎಂದು ಪಾಠ ಹೇಳುವವರೂ ಅವರೇ. ಅಂಥ ಮನುಷ್ಯನಿಗೆ ನೀರೆಂದರೆ ಭಯ. ನದಿ ಕಂಡರೂ ಕೆರೆ ಕಂಡರೂ ಹೊಟ್ಟೆಯೊಳಗೆ ಒಂದು ಬೆಕ್ಕು ಎದ್ದು ಬೆನ್ನು ಬಿಲ್ಲು ಮಾಡಿದಂತಾಗುತ್ತಿತ್ತು. ಯಾಕೆಂದು ಅವರಿಗೂ ತಿಳಿಯದು. ಭಯಕ್ಕೆಲ್ಲ ಒಂದು ಕಥೆ ಇರಲೇಬೇಕೆಂದೇನೂ ಇಲ್ಲವಲ್ಲ. ಹೆಂಡತಿ ಐಡೆಲ್ಲಾರನ್ನು ಬಿಟ್ಟು ಬೇರೆ ಯಾರಿಗೂ ಇದು ಗೊತ್ತಿಲ್ಲ ಎಂದು ಅವರು ನಂಬಿದ್ದರು.

ಹಡಗಿನಲ್ಲಿ ಇರುವಷ್ಟು ಹೊತ್ತು ಭಯಕ್ಕೆ ಜಾಗವೇ ಇರಲಿಲ್ಲ. ಅದೊಂದು ತೇಲುವ ಪೇಟೆ. ಐಡೆಲ್ಲಾ ಎಲ್ಲರಿಗೂ ಮಾವಿನ ಹಣ್ಣಿನ ಬಣ್ಣದ ಒಂದೇ ಥರದ ಅಂಗಿ ಹೊಲಿಸಿ, ಬೆನ್ನ ಮೇಲೆ 'ಗ್ಯಾಡ್ಸನ್ನರು ಬಂದರು, ದಾರಿ ಬಿಡಿ' ಎಂದು ಬರೆಸಿದ್ದರು. ಜನ ನಿಜವಾಗಿಯೂ ದಾರಿ ಬಿಡುತ್ತಿದ್ದರು. ಅಳಿಯ ಟೆರೆನ್ಸ್ ಸೂರ್ಯನಿಗಿಂತ ಮೊದಲು ಎದ್ದು ಈಜುಕೊಳದ ಪಕ್ಕದ ಐದು ಕುರ್ಚಿಗಳ ಮೇಲೆ ಟವೆಲ್ ಹಾಸಿ ಹಿಡಿದಿಡುತ್ತಿದ್ದ. ಬೇರೆಯವರು ಹಾಗೆ ಮಾಡಿದರೆ ಮಾತ್ರ ಇದೆಂಥ ನಾಚಿಕೆಗೇಡು ಎಂದು ಗೊಣಗುತ್ತಿದ್ದ. ಮಗಳು ರನೀಟಾ ಆಸ್ಪತ್ರೆಯಲ್ಲಿ ನರ್ಸು, ವರ್ಷವಿಡೀ ನಿಂತೇ ಇರುವವಳು. ಇಲ್ಲಿ ಕೂತ ಜಾಗದಿಂದ ಏಳಲಿಲ್ಲ. ಬೆಳಗ್ಗೆ ಹತ್ತಕ್ಕೇ ಐಸ್‌ಕ್ರೀಮು. ಸಂಜೆ ಕೋಣೆಗೆ ಬಂದರೆ ಹಾಸಿಗೆಯ ಮೇಲೆ ಟವೆಲನ್ನೇ ಮಡಿಸಿ ಮಾಡಿದ ಆನೆಯೊಂದು ಹೋರೇಸರ ಕನ್ನಡಕ ಹಾಕಿಕೊಂಡು ಕೂತಿರುತ್ತಿತ್ತು. ಎರಡನೆಯ ದಿನ ನಡೆದ ಕುಣಿತದ ಸ್ಪರ್ಧೆಯಲ್ಲಿ ಐಡೆಲ್ಲಾ ತಮಗಿಂತ ಮೂವತ್ತು ವರ್ಷ ಚಿಕ್ಕವರನ್ನು ಸೋಲಿಸಿ, ಪ್ಲಾಸ್ಟಿಕ್ಕಿನ ಹಡಗೊಂದನ್ನು ಗೆದ್ದುಕೊಂಡು, ಊಟದ ಮೇಜಿನ ಮೇಲೆ ಅದಕ್ಕೂ ಒಂದು ಜಾಗ ಮಾಡಿಕೊಟ್ಟರು. ಹೋರೇಸರೂ ನಕ್ಕರು, ಹಾಡಿದರು, ಮೂರು ಸಲ ಬಡಿಸಿಕೊಂಡರು.

ಬಹಾಮಾದಲ್ಲಿ ಮೊದಲ ಕಡಲತೀರ ಬಂತು. ಹೋರೇಸ್ ಹೊಟ್ಟೆ ಸವರಿಕೊಂಡು, ಉಂಡಮೇಲೆ ಎರಡು ಗಂಟೆ ನೀರಿಗೆ ಇಳಿಯಬಾರದು ಎಂದರು. ಎರಡು ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಏನನ್ನೋ ತಿಂದಿದ್ದರು. ಗ್ರ್ಯಾಂಡ್ ಟರ್ಕ್ ದ್ವೀಪದಲ್ಲಿ ಎರಡನೆಯ ತೀರ. ಅಲ್ಲಿ ಬಲಮೊಣಕಾಲು ಹಿಡಿದುಕೊಂಡಿತು. ಹಿಂದಿನ ದಿನ ಅದೇ ಮೊಣಕಾಲು ಐಡೆಲ್ಲಾರ ಜೊತೆ ಕುಣಿದಿತ್ತು ಎಂಬುದನ್ನು ಯಾರೂ ಎತ್ತಲಿಲ್ಲ. ಜೊನೆಲ್ ಅಳಲಿಲ್ಲ, ಹಟ ಮಾಡಲಿಲ್ಲ. ಗಾಳಿ ತುಂಬಿದ ತನ್ನ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕೊಕ್ಕರೆಯ ಮೇಲೆ ಕೂತು ತಾನೊಬ್ಬಳೇ ತೇಲಿ ಬಂದು, ಒದ್ದೆ ಕೈಯನ್ನು ತಾತನ ಮೊಣಕಾಲ ಮೇಲಿಟ್ಟು, "ಇನ್ನೊಂದೇ ಬೀಚು ಉಳಿದಿರೋದು ತಾತ" ಎಂದಳು. ಅಷ್ಟೇ. ಹೋರೇಸ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇನ್ನೊಂದು ತೀರ, ಅದಾದಮೇಲೆ ಎರಡು ದಿನ ಬರೀ ಸಮುದ್ರ, ಆಮೇಲೆ ಮನೆ. ಅಷ್ಟರೊಳಗೆ ಮಾತು ಉಳಿಯಬೇಕು, ಇಲ್ಲವೇ ಮುಂದಿನ ಭಾನುವಾರ ಆ ಹುಡುಗಿ ಮೊದಲ ಬೆಂಚಿನಲ್ಲಿ ಕೂತು ತನ್ನ ಮುಖ ನೋಡುವಾಗ ತಾನು ಮಾತಿನ ಪಾಠ ಹೇಳಬೇಕು.

ಕೊನೆಯ ತೀರದ ಬೆಳಗ್ಗೆ ಹಡಗು ಸೇಂಟ್ ಮಾರ್ಟನ್ ದ್ವೀಪಕ್ಕೆ ಬಂದು ನಿಂತಿತು. ಹೋರೇಸ್ ಎಂದಿನಂತೆ ಮಂಚದ ಪಕ್ಕದಲ್ಲಿ ಮೊಣಕಾಲೂರಿದರು. ದೇವರೇ ಧೈರ್ಯ ಕೊಡು ಎಂದು ಬೇಡಿದರು. ಅದು ಕಷ್ಟವಾದರೆ ಒಂದು ಮಳೆಯನ್ನಾದರೂ ಕೊಡು ಎಂದು ಸೇರಿಸಿದರು. ಎದ್ದು ಪರದೆ ಸರಿಸಿದರೆ ತೊಳೆದಿಟ್ಟ ಪಿಂಗಾಣಿಯಂತೆ ಆಕಾಶ. ದೇವರು ಮೊದಲನೆಯದನ್ನೇ ಕೊಡುವ ಯೋಚನೆಯಲ್ಲಿದ್ದಂತೆ ಕಂಡಿತು.

ಹಡಗು ಇಳಿಯುವಾಗ ಕ್ಯಾಪ್ಟನ್ನು ಧ್ವನಿವರ್ಧಕದಲ್ಲಿ ಏನೇನೋ ಹೇಳುತ್ತಿದ್ದ. ನಾಲ್ಕೂವರೆಗೆ ಎಲ್ಲರೂ ವಾಪಸ್ಸಿರಬೇಕು ಎಂಬುದೊಂದು ಹೋರೇಸರ ಕಿವಿಗೆ ಬಿತ್ತು. ಉಳಿದದ್ದು ಐಡೆಲ್ಲಾರ ಹ್ಯಾಟು ಹುಡುಕುವ ಗಲಾಟೆಯಲ್ಲಿ ಮುಳುಗಿಹೋಯಿತು. ಪೇಟೆಯ ಮುಖ್ಯ ಬೀದಿಯಲ್ಲಿ ಕೈಗಡಿಯಾರದ ಅಂಗಡಿಗಳ ಸಾಲು. ಒಂದು ಅಂಗಡಿಯ ಗಾಜಿನ ಹಿಂದೆ ನಲವತ್ತು ಗಡಿಯಾರ ಹತ್ತೂ ಕಾಲು ತೋರಿಸುತ್ತಿದ್ದವು. ಹೋರೇಸರ ಕೈಯಲ್ಲಿ ಒಂಬತ್ತೂ ಕಾಲು. ಬಸ್ಸು ಓಡಿಸುತ್ತಿದ್ದಾಗ ದಿನಾ ಬೆಳಗ್ಗೆ ಡಿಪೋದ ಗೋಡೆ ಗಡಿಯಾರಕ್ಕೆ ತಮ್ಮದನ್ನು ಸರಿಹೊಂದಿಸಿಕೊಳ್ಳುತ್ತಿದ್ದ ಮನುಷ್ಯ ಅವರು. ನಲವತ್ತು ಸಾಕ್ಷಿಗಳ ಎದುರು ಒಬ್ಬನೇ ನಿಂತು ವಾದಿಸುವುದು ಅಹಂಕಾರವೆನಿಸಿತು. ತಮ್ಮ ಗಡಿಯಾರ ಇಡೀ ಒಂದು ಗಂಟೆ ಹಿಂದೆ ಬಿದ್ದಿದೆಯೆಂದರೆ ಮರ್ಯಾದೆಯ ಪ್ರಶ್ನೆಯೂ ಹೌದು. ಯಾರಿಗೂ ಹೇಳದೆ, ಬೆನ್ನು ತಿರುಗಿಸಿ, ಮುಳ್ಳನ್ನು ಮುಂದಕ್ಕೆ ತಿರುಗಿಸಿಕೊಂಡರು. ರನೀಟಾಳ ಫೋನು ಚೀಲದ ತಳದಲ್ಲಿ ಮಲಗಿತ್ತು. ಹೋರೇಸ್ ಇರುವ ಕಡೆ ಗ್ಯಾಡ್ಸನ್ನರು ಬೇರೆ ಗಡಿಯಾರ ನೋಡುತ್ತಿರಲಿಲ್ಲ.

ವ್ಯಾನಿನ ಡ್ರೈವರು ಮಿಸ್ ಒರಾಲಿ ಎಂಬ ದ್ವೀಪದ ಹೆಂಗಸು. ಎಲ್ಲರನ್ನೂ ವಿಮಾನದ ಬೀಚಿಗೆ ಕರೆದೊಯ್ದಳು. ವಿಮಾನ ನಿಲ್ದಾಣದ ರನ್‌ವೇ ಅಲ್ಲಿ ಮರಳಿನ ಪಕ್ಕಕ್ಕೇ ಬಂದು ಮುಗಿಯುತ್ತದೆ. ಇಳಿಯುವ ವಿಮಾನ ಈಜುವವರ ತಲೆ ಸವರಿಕೊಂಡು ಹೋದಂತೆ ಹೋಗುತ್ತದೆ. ಮೊದಲ ವಿಮಾನಕ್ಕೆ ಐಡೆಲ್ಲಾರ ಹ್ಯಾಟು ಹಾರಿತು, ಜೊನೆಲ್ ಓಡಿ ಹಿಡಿದು ತಂದಳು. ಎರಡನೆಯದಕ್ಕೆ ಟೆರೆನ್ಸನ ಕೈಯಲ್ಲಿದ್ದ ಹುರಿದ ಬಾಳೆಯ ಹೋಳುಗಳೆಲ್ಲ ಮರಳಾದವು. ಪ್ರತಿ ಸಲವೂ ಜನ ಕೈಯೆತ್ತಿ ಕೇಕೆ ಹಾಕುತ್ತಿದ್ದರು. ಹೋರೇಸರಿಗೆ ಈ ವಿಮಾನಗಳು ಬಹಳ ಅನುಕೂಲವಾದವು. ಇದೊಂದು ಬಂದುಬಿಡಲಿ, ಆಮೇಲೆ ಇಳಿಯೋಣ ಎನ್ನುವರು. ಅದಾದಮೇಲೆ ದೂರದಲ್ಲಿ ಇನ್ನೊಂದು ಚುಕ್ಕಿ ಕಾಣಿಸುವುದು. ಹೀಗೆ ಒಂಬತ್ತು ವಿಮಾನ ಇಳಿದವು.

ಹತ್ತನೆಯದಕ್ಕೆ ಜೊನೆಲ್ ಕೈ ಹಿಡಿದು ಎಬ್ಬಿಸಿಯೇಬಿಟ್ಟಳು. ಹೋರೇಸ್ ಬೂಟು ಬಿಚ್ಚಿ ನೀರಿನ ಅಂಚಿಗೆ ಬಂದರು. ಪಾದದ ಮೇಲೆ ಅಲೆ ಬಂತು, ಕೆಳಗಿನ ಮರಳನ್ನು ಎಳೆದುಕೊಂಡು ಹೋಯಿತು. ಹೊಟ್ಟೆಯೊಳಗಿನ ಬೆಕ್ಕು ಎದ್ದು ನಿಂತಿತು. ಆಸರೆಗೆಂದು ಕಣ್ಣು ತಾನಾಗಿ ಮಣಿಕಟ್ಟಿಗೆ ಹೋಯಿತು. ಮೂರು ಗಂಟೆ. ದಾರಿಯಲ್ಲಿ ಒಂದು ಸೇತುವೆ ಇದೆ, ದೋಣಿಗಳಿಗಾಗಿ ಅದನ್ನು ಎತ್ತಿದರೆ ಗಾಡಿಗಳು ನಿಂತಲ್ಲೇ ನಿಲ್ಲುತ್ತವೆ ಎಂದು ಮಿಸ್ ಒರಾಲಿ ಬರುವಾಗ ಹೇಳಿದ್ದು ನೆನಪಾಯಿತು.

"ಹೊರಡಬೇಕು. ಎಲ್ಲ ಕಟ್ಕೊಳಿ. ಈಗಿಂದೀಗ" ಎಂದರು. ಅವರ ಬಸ್ಸಿನ ದನಿ ಅದು. ಆ ದನಿಗೆ ಮೇಕನ್ನಿನ ಮೂರು ತಲೆಮಾರಿನ ಮಕ್ಕಳು ಎದ್ದು ಸಾಲಾಗಿ ನಿಂತಿದ್ದರು. ಗ್ಯಾಡ್ಸನ್ನರೂ ಎದ್ದರು. ಜೊನೆಲ್ ಮಾತ್ರ ಅವರ ಕೈಯನ್ನು ಮೆಲ್ಲಗೆ ಬಿಟ್ಟಳು.

ಮಿಸ್ ಒರಾಲಿ ಬಾದಾಮಿ ಮರದ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದಳು. ಇಷ್ಟು ಬೇಗ ಯಾಕೆ ಎಂದು ಕೇಳಿದಳು. ಹೋರೇಸ್ ಹಡಗಿನ ಹೆಸರು ಹೇಳಿ, ನಾಲ್ಕೂವರೆಗೆ ಒಳಗಿರಬೇಕು ಎಂದರು. ಅವಳು ಅವರನ್ನೊಮ್ಮೆ ಆಕಾಶವನ್ನೊಮ್ಮೆ ನೋಡಿದಳು.

"ನಿಮ್ ಹಡಗು ಎಲ್ಲಿಗೂ ಓಡಿಹೋಗಲ್ಲ ಯಜಮಾನ್ರೇ. ಬೇಜಾನ್ ಟೈಮಿದೆ."

ದ್ವೀಪದ ಜನಕ್ಕೆ ಎಲ್ಲದಕ್ಕೂ ಬೇಜಾನ್ ಟೈಮು ಇರುತ್ತದೆ ಎಂದು ಹೋರೇಸ್ ಮನಸ್ಸಿನಲ್ಲೇ ತೀರ್ಮಾನಿಸಿದರು. ವ್ಯಾನಿನಲ್ಲಿ ಐಡೆಲ್ಲಾ, ಆಯಮ್ಮ ದಿನಾ ಈ ಹಡಗುಗಳನ್ನು ನೋಡುವವಳು, ಅವಳ ಮಾತು ಕೇಳಬಾರದೇ ಎಂದರು. ತಾನು ದಿನಾ ಗಡಿಯಾರ ನೋಡಿದವನು ಎಂದರು ಹೋರೇಸ್. ಸರಿಯಾಗಿ ಆಗಲೇ ಸೇತುವೆ ಎದ್ದಿತು. ಒಂದರ ಹಿಂದೊಂದು ಹಾಯಿದೋಣಿಗಳು ಮದುವೆ ದಿಬ್ಬಣದ ಹಾಗೆ ನಿಧಾನವಾಗಿ ದಾಟಿದವು. ಹೋರೇಸ್ ಪ್ರತಿಯೊಂದನ್ನೂ ಎಣಿಸಿದರು, ಪ್ರತಿಯೊಂದರ ಮಾಲೀಕನಿಗಾಗಿಯೂ ತಾಳ್ಮೆ ಬೇಡಿದರು; ತಾಳ್ಮೆ ಬೇಕಾಗಿದ್ದದ್ದು ಅವರಿಗೇ. ಮಿಸ್ ಒರಾಲಿ ಮೊಸಳೆಯಷ್ಟು ನೆಮ್ಮದಿಯಿಂದ ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಹಾಡು ಗುನುಗುತ್ತಿದ್ದಳು.

ಬಂದರಿನ ಬಾಗಿಲಲ್ಲಿ ಇಳಿದಾಗ ಹೋರೇಸರ ಕೈಯಲ್ಲಿ ನಾಲ್ಕು ಇಪ್ಪತ್ತು. ಅಲ್ಲಿಂದ ಹಡಗಿನವರೆಗೆ ಸಮುದ್ರದೊಳಕ್ಕೆ ಚಾಚಿದ ಉದ್ದನೆಯ ಕಟ್ಟೆ. ಓಡಿ ಎಂದರು. ಓಡಿದರು.

ಆ ಓಟವನ್ನು ನೋಡಬೇಕಿತ್ತು. ಮುಂದೆ ಹೋರೇಸ್, ಒಂದು ಕೈಯಲ್ಲಿ ಬೂಟು. ಹಿಂದೆ ರನೀಟಾ, ಹೆಗಲಿಗೆ ಮೂರು ಚೀಲ. ಅವಳ ಹಿಂದೆ ಟೆರೆನ್ಸ್. ಕೊಕ್ಕರೆಯ ಗಾಳಿ ಬಿಡಲು ಹೊತ್ತು ಸಿಗದೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಅದರ ಕತ್ತು ಅವನಿಗಿಂತ ಮುಂದೆ ಮುಂದೆ ಹೋಗುತ್ತಿತ್ತು. ಕೊನೆಯಲ್ಲಿ ಐಡೆಲ್ಲಾ. ಒಂದು ಚಪ್ಪಲಿ ಕಿತ್ತುಹೋಗಿ, ನಗು ತಡೆಯಲಾಗದೆ, ಎರಡು ಹೆಜ್ಜೆಗೊಮ್ಮೆ ನಿಂತು ಬಗ್ಗಿ ಹೊಟ್ಟೆ ಹಿಡಿದುಕೊಳ್ಳುವರು. ಜೊನೆಲ್ ಅಜ್ಜಿಯ ಕೈ ಎಳೆಯುವಳು. ತಡವಾಗಿ ಬಂದವರು ಹೀಗೆ ಓಡುವುದನ್ನು ನೋಡಲೆಂದೇ ಹಡಗು ಹೊರಡುವ ಹೊತ್ತಿಗೆ ಜನ ಬಾಲ್ಕನಿಗಳಲ್ಲಿ ಸೇರುತ್ತಾರೆ. ಚಪ್ಪಾಳೆ ತಟ್ಟುತ್ತಾರೆ, ಹೆಸರಿಡುತ್ತಾರೆ. ಗ್ರ್ಯಾಂಡ್ ಟರ್ಕಿನಲ್ಲಿ ಗ್ಯಾಡ್ಸನ್ನರೂ ಶರಬತ್ತು ಹಿಡಿದು ನಿಂತು ಅದನ್ನೇ ಮಾಡಿದ್ದರು. ಇವತ್ತು ತಲೆಯೆತ್ತಿದರೆ ಬಾಲ್ಕನಿಗಳೆಲ್ಲ ಖಾಲಿ. ಒಬ್ಬ ಮುದುಕ ಮಾತ್ರ ಪುಸ್ತಕದಿಂದ ಮುಖವೆತ್ತಿ, ಇವರೇಕೆ ಓಡುತ್ತಿದ್ದಾರೆಂದು ತಿಳಿಯದೆ, ಸೌಜನ್ಯಕ್ಕೆಂಬಂತೆ ಎರಡು ಚಪ್ಪಾಳೆ ತಟ್ಟಿದ.

ಹಡಗಿನ ಬಾಗಿಲಲ್ಲಿ ಕಾವಲಿನ ಹೆಂಗಸು ಕುರ್ಚಿಯ ಮೇಲೆ ಆರಾಮಾಗಿ ಕೂತಿದ್ದಳು. ಹೋರೇಸ್ ಏದುಸಿರು ಬಿಡುತ್ತ, ತಡವಾದದ್ದು ತಮ್ಮ ತಪ್ಪು, ಮನೆಯವರದಲ್ಲ ಎಂದು ನಿವೇದಿಸಿಕೊಂಡರು. ಅವಳು ಅವರ ಗಡಿಯಾರ ನೋಡಿದಳು.

"ಸರ್, ಅದು ದ್ವೀಪದ ಟೈಮು. ಹಡಗಿನ ಗಡಿಯಾರದಲ್ಲಿ ನಿಮ್ಮೂರಿನ ಟೈಮೇ. ನಾವು ಬದಲಾಯಿಸಿಲ್ಲ, ಕ್ಯಾಪ್ಟನ್ ದಿನಾ ಹೇಳ್ತಾರಲ್ಲ. ಈಗ ಮೂರು ಇಪ್ಪತ್ತೈದು."

ಐಡೆಲ್ಲಾ ಕಟ್ಟೆಯ ಮೇಲಿದ್ದ ಬೆಂಚಿಗೆ ಹೋಗಿ ಕುಸಿದರು.

"ಮೂವತ್ನಾಲ್ಕು ವರ್ಷ ಒಂದಿನ ತಡ ಮಾಡ್ದೋರಲ್ಲ ನಮ್ ಗ್ಯಾಡ್ಸನ್ ಸಾಹೇಬ್ರು. ಇವತ್ತೂ ಮಾಡ್ಲಿಲ್ಲ ನೋಡಿ" ಎಂದವರು ಮುಂದೆ ಏನೂ ಹೇಳಲಾರದೆ ನಗುತ್ತ ಪಕ್ಕಕ್ಕೆ ವಾಲಿದರು. ರನೀಟಾ ಚೀಲಗಳ ಮೇಲೆಯೇ ಕೂತು ನಕ್ಕಳು. ಟೆರೆನ್ಸ್ ನಕ್ಕಾಗಲೆಲ್ಲ ಕೊಕ್ಕರೆ ತಲೆಯಾಡಿಸಿತು. ಕಾವಲಿನ ಹೆಂಗಸೂ ಮುಖ ತಿರುಗಿಸಿ ನಕ್ಕಳು. ಹೋರೇಸರಿಗೂ ನಗು ಬರುತ್ತಿತ್ತು, ಆದರೆ ಜೊನೆಲ್ ನಗುತ್ತಿರಲಿಲ್ಲ. ಅವಳು ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಕೇಳಿದಳು.

"ಬೇಕಂತ್ಲೇ ಮಾಡ್ದಾ ತಾತ?"

ಇಲ್ಲ ಎನ್ನಲು ಹೋರೇಸ್ ಬಾಯಿ ತೆರೆದರು. ಇಲ್ಲ ಎಂಬುದು ನಿಜವೂ ಆಗಿತ್ತು. ನಲವತ್ತು ಗಡಿಯಾರ ನೋಡಿಯೇ ಮುಳ್ಳು ತಿರುಗಿಸಿದ್ದರು. ಆದರೆ ಅಲೆ ಪಾದ ಮುಟ್ಟಿದಾಗ ಕಣ್ಣು ಮಣಿಕಟ್ಟಿಗೆ ಓಡಿತಲ್ಲ, ಮೂರು ಗಂಟೆ ಎಂದು ಕಂಡ ಕೂಡಲೇ ಎದೆ ಹಗುರಾಯಿತಲ್ಲ, ಅದಕ್ಕೆ ಏನು ಹೆಸರು? ಮನುಷ್ಯ ತಪ್ಪು ಮಾಡುತ್ತಾನೆ. ಕೆಲವು ತಪ್ಪುಗಳು ಮಾತ್ರ ನಮ್ಮ ಮನಸ್ಸನ್ನು ಕೇಳಿಕೊಂಡೇ ಒಳಗೆ ಬರುತ್ತವೆ. ದೇವರ ಮುಂದೆ ಹೇಳುವಷ್ಟೇ ಮೆಲ್ಲಗೆ ಅವರು ಮೊಮ್ಮಗಳ ಮುಂದೆ ಹೇಳಿದರು.

"ಟೈಮು ತಪ್ಪಿದ್ದು ಬೇಕಂತ ಅಲ್ಲ ಮಗಾ. ಆದ್ರೆ ತಪ್ಪಿದ್ದಕ್ಕೆ ನಂಗೆ ಖುಷಿಯಾಯ್ತು. ನಂಗೆ ನೀರು ಅಂದ್ರೆ ಭಯ."

"ಗೊತ್ತು" ಎಂದಳು ಜೊನೆಲ್. "ಊರಲ್ಲಿ ಈಜುಕೊಳದ ಪಕ್ಕ ಹೋಗೋವಾಗ್ಲೂ ನೀನು ಗೋಡೆ ಸವರ್ಕೊಂಡೇ ಹೋಗ್ತೀಯ. ಅದಕ್ಕೇ ಕೈ ಹಿಡ್ಕೊಂಡು ಅಂತ ಮಾತು ತಗೊಂಡಿದ್ದು."

ಹೋರೇಸ್ ಆ ಪುಟ್ಟ ಮುಖವನ್ನು ನೋಡಿದರು. ಇಷ್ಟು ದಿನ ತಾವು ಬಚ್ಚಿಟ್ಟುಕೊಂಡದ್ದನ್ನು ಅವಳು ಕ್ರಿಸ್‌ಮಸ್ಸಿನಿಂದಲೂ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದಳು. ಮಳೆ ಕೇಳಿದ್ದಕ್ಕೆ ದೇವರು ಒಂದು ಗಂಟೆ ಕೊಟ್ಟಿದ್ದ. ಕೊಟ್ಟದ್ದನ್ನು ವಾಪಸು ಕಳಿಸುವುದು ಹೇಗೆ? ಅವರು ಕೈಗಡಿಯಾರ ಬಿಚ್ಚಿ ಅಳಿಯನಿಗೆ ಕೊಟ್ಟು, ಇನ್ನು ಹೊತ್ತು ನೋಡುವುದು ನಿನ್ನ ಕೆಲಸ ಎಂದರು. "ಮತ್ತೆ ಆ ಕೊಕ್ಕರೆ ಬಿಚ್ಚಬೇಡಪ್ಪ. ಬೇಕಾಗತ್ತೆ."

ಕಟ್ಟೆಯ ಬುಡದಿಂದ ಪೇಟೆಯ ಮುಂದಿನ ತೀರಕ್ಕೆ ಸಣ್ಣ ದೋಣಿಯಲ್ಲಿ ಐದು ನಿಮಿಷದ ದಾರಿ. ದೋಣಿಯ ಅಂಚು ನೀರಿಗಿಂತ ಒಂದು ಗೇಣಷ್ಟೇ ಮೇಲಿತ್ತು. ಹೋರೇಸ್ ನಡುವೆ ಕೂತು ಕಣ್ಣು ಮುಚ್ಚಿ, ತಮಗೆ ಬಾಯಿಪಾಠ ಬರುವ ಪ್ರಾರ್ಥನೆಯನ್ನೆಲ್ಲ ಒಂದಾದಮೇಲೊಂದು ಮುಗಿಸಿದರು. ಸಾಲದೆ ಬಂದು ಊಟಕ್ಕೆ ಮುಂಚೆ ಹೇಳುವ ಪ್ರಾರ್ಥನೆಯನ್ನೂ ಹೇಳಿದರು. ನಮ್ಮನ್ನೆಲ್ಲ ಮೀನಿಗೆ ಬಡಿಸುತ್ತಿದ್ದೀಯಾ ಎಂದು ಐಡೆಲ್ಲಾ ಕೇಳಿದರು.

ತೀರದಲ್ಲಿ ನೀರು ಅಲೆಯಿಲ್ಲದೆ, ತಟ್ಟೆಯಲ್ಲಿ ಹರಡಿದಂತೆ ನಿಂತಿತ್ತು. ಬೂಟು ಹಾಕಿಕೊಂಡೇ ಇಳಿಯುತ್ತೇನೆ ಎಂದರು ಹೋರೇಸ್, ಜೊನೆಲ್ ಒಪ್ಪಿದಳು. ಬೂಟಿನ ವಿಷಯ ಮಾತಿನಲ್ಲಿ ಇರಲಿಲ್ಲ. ಅವಳು ಕೊಕ್ಕರೆಯ ಮೇಲೆ ಕೂತಳು. ಅವರ ಎಡಗೈ ಕೊಕ್ಕರೆಯ ಕತ್ತಿನಲ್ಲಿ, ಬಲಗೈ ಅವಳ ಕೈಯಲ್ಲಿ. ರನೀಟಾ, ಟೆರೆನ್ಸ್ ಎರಡೂ ಪಕ್ಕದಲ್ಲಿ, ಎಲ್ಲರೂ ಮಾವಿನ ಬಣ್ಣದ ಅಂಗಿಯಲ್ಲಿ. ಮೊಣಕಾಲು ಬಂತು. ಬೆಕ್ಕು ಎದ್ದಿತು. ಸೊಂಟ ಬಂತು. ಬೆಕ್ಕು ಉಗುರು ಊರಿತು. ಹೋರೇಸರಿಗೊಂದು ಉಪಾಯ ಹೊಳೆಯಿತು. ನಿಂತಲ್ಲೇ ಮೊಣಕಾಲು ಮಡಿಸಿ ಕುಳಿತು ಗದ್ದವನ್ನು ನೀರಿಗೆ ಮುಟ್ಟಿಸಿ, ಆಯಿತಲ್ಲ ಎಂಬಂತೆ ನೋಡಿದರು.

"ಕುಕ್ಕರುಗಾಲಲ್ಲಿ ಕೂತ್ರೆ ಲೆಕ್ಕಕ್ಕಿಲ್ಲ. ಎದ್ದೇಳು ತಾತ."

"ಗದ್ದ ಮುಟ್ತಲ್ಲೇ."

"ನೀರಿನ ಹತ್ರ ಗದ್ದ ಹೋಯ್ತು. ಗದ್ದದ ಹತ್ರ ನೀರು ಬರ್ಬೇಕು."

ಟೆರೆನ್ಸ್ ಮಾವನಿಗೆ, ಈ ಹುಡುಗಿಗೆ ವಕೀಲಿಕೆ ಓದಿಸಬೇಕು ಎಂದ. ಹೋರೇಸ್ ಎದ್ದರು. ಹೊಟ್ಟೆಯವರೆಗೆ ಹೋದರು. ಎದೆಯವರೆಗೆ. ಅಲ್ಲಿ ಕಾಲು ನೆಲಕ್ಕೆ ನೆಟ್ಟಂತೆ ನಿಂತುಬಿಟ್ಟಿತು. ಆಗ ಅವರಿಗೆ ಚರ್ಚಿನ ದೀಕ್ಷಾಸ್ನಾನದ ತೊಟ್ಟಿ ನೆನಪಾಯಿತು. ವರ್ಷ ವರ್ಷವೂ ಬಿಳಿ ನಿಲುವಂಗಿ ತೊಟ್ಟವರು ನಡುಗುತ್ತ ಆ ತೊಟ್ಟಿಗೆ ಇಳಿಯುತ್ತಿದ್ದರು. ತಾವು ಹೊರಗೆ, ಒಣ ಮೆಟ್ಟಿಲ ಮೇಲೆ ನಿಂತು ಒಬ್ಬೊಬ್ಬರಿಗೂ ಟವೆಲು ಹೊದಿಸುತ್ತಿದ್ದರು. ಹೆದರಬೇಡ, ದೇವರು ಹಿಡಿದುಕೊಂಡಿದ್ದಾನೆ ಎಂದು ನೂರಾರು ಜನಕ್ಕೆ ಹೇಳಿದ್ದರು. ಹೇಳುವಾಗ ಒಮ್ಮೆಯೂ ತಮ್ಮ ಬಟ್ಟೆಯ ಅಂಚು ಒದ್ದೆಯಾಗಿರಲಿಲ್ಲ.

ಅವರು ಒಂದು ಹೆಜ್ಜೆ ಇಟ್ಟರು. ಹೆಗಲು ಮುಳುಗಿತು. ಇನ್ನೊಂದು. ತಣ್ಣಗಿನ ಗೆರೆಯೊಂದು ಕತ್ತಿನ ಸುತ್ತ ಏರಿ ಬಂದು ಗದ್ದದ ಬಿಳಿ ಗಡ್ಡವನ್ನು ಮುಟ್ಟಿತು. ಜೊನೆಲ್ ಕೊಕ್ಕರೆಯಿಂದ ಬಗ್ಗಿ, ಅಳತೆಗೋಲಿನಂತೆ ಬೆರಳಿಟ್ಟು ಪರೀಕ್ಷೆ ಮಾಡಿದಳು.

ಆ ಹೊತ್ತಿಗೆ ದೂರದಲ್ಲಿ ಹೋದ ದೋಣಿಯೊಂದರ ಸಣ್ಣ ತೆರೆ ಬಂತು. ಅದಕ್ಕೆ ಯಾವ ದುರುದ್ದೇಶವೂ ಇರಲಿಲ್ಲ. ಹೋರೇಸರನ್ನು ಬುಡಸಮೇತ ಎತ್ತಿ, ತಲೆಯ ಮೇಲೆ ಒಮ್ಮೆ ಹಾದು, ಮತ್ತೆ ಅಲ್ಲೇ ಇಳಿಸಿ ಹೋಯಿತು. ಒಂದು ಕ್ಷಣ ಹಸಿರು, ಮೌನ, ಕೈಯಲ್ಲಿ ಪುಟ್ಟ ಕೈಯೊಂದರ ಬಿಗಿ. ಆಮೇಲೆ ಗಾಳಿ, ಬೆಳಕು, ಬಾಯಿ ತುಂಬ ಉಪ್ಪು. ರನೀಟಾ ಅಪ್ಪಾ ಎಂದು ಹಾರಿದಳು. ಹೋರೇಸ್ ಕೆಮ್ಮಿದರು, ಉಗುಳಿದರು, ಮತ್ತೆ ಕೆಮ್ಮಿದರು. ಆ ಕೆಮ್ಮು ನಡುವೆ ಎಲ್ಲೋ ನಗುವಾಗಿ ಹೊರಳಿತು. ಹೊಟ್ಟೆಯೊಳಗಿನ ಬೆಕ್ಕಿಗೂ ನೆನೆದು ನಾಚಿಕೆಯಾಗಿರಬೇಕು, ಅದರ ಸುಳಿವಿರಲಿಲ್ಲ. ಎಪ್ಪತ್ತೆರಡು ವರ್ಷದ ಗಂಡಸು ಎಳೆಮಗುವಿನಂತೆ ಕುಲುಕುಲು ನಗುತ್ತಿದ್ದರೆ ಪಕ್ಕದಲ್ಲಿ ಈಜುತ್ತಿದ್ದ ಅಪರಿಚಿತರೂ ನಿಂತು ನಕ್ಕರು. ದೇವರನ್ನು ಹೊಗಳುವ ಮಾತೊಂದೂ ಹೋರೇಸರಿಗೆ ನೆನಪಾಗಲಿಲ್ಲ. ದೇವರು ಬಹುಶಃ ಅದಕ್ಕಾಗಿ ಕಾಯುತ್ತಲೂ ಇರಲಿಲ್ಲ.

ದಡದಲ್ಲಿ ಐಡೆಲ್ಲಾ ಉಳಿದ ಒಂದು ಚಪ್ಪಲಿಯನ್ನೂ ಬಿಚ್ಚಿಟ್ಟು, ಹ್ಯಾಟು ಹಾಕಿಕೊಂಡೇ, ಅಂಗಿ ಎತ್ತಿ ಹಿಡಿದು ನೀರಿಗೆ ಬರುತ್ತಿದ್ದರು. ಟೆರೆನ್ಸ್ ಕೈಯೆತ್ತಿ ಗಡಿಯಾರ ನೋಡಿ, ಒಂದು ಗಂಟೆ ಕಳೆದು ಲೆಕ್ಕ ಹಾಕಿ, ಇನ್ನು ಹೊರಟರೆ ಆರಾಮಾಗಿ ಹೋಗಬಹುದು ಎಂದ. ಯಾರೂ ಅವನ ಕಡೆ ನೋಡಲಿಲ್ಲ.

"ಆಯ್ತು ತಾತ" ಎಂದಳು ಜೊನೆಲ್. ಗದ್ದದಿಂದ ಬೆರಳು ತೆಗೆದಿದ್ದಳು, ಕೈ ಬಿಟ್ಟಿರಲಿಲ್ಲ. "ಮಾತು ಮುಗೀತು. ಬೇಕಾದ್ರೆ ಈಗ ದಡಕ್ಕೆ ಹೋಗ್ಬಹುದು."

"ಇಷ್ಟು ಹೊತ್ತು ನಿಂಗೆ ಕೊಟ್ಟ ಮಾತಿಂದು" ಎಂದರು ಹೋರೇಸ್, ಕಣ್ಣಿಗೆ ಇಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳದೆ. "ಇನ್ನು ಸ್ವಲ್ಪ ಹೊತ್ತು ನಂದು."